ಕ್ಯಾಂಟನ್ನಿನ ಒಂದು ಅಡಿಗೆಮನೆ

ದೇಶಾಟನೆ ಮಾಡಿ ಬಂದವರು ಸಾಮಾನ್ಯವಾಗಿ ಗೋಪುರಗಳ ಎತ್ತರವನ್ನೂ ಸೇತುವೆಗಳ ಉದ್ದವನ್ನೂ ಬರೆಯುತ್ತಾರೆ. ನಾವು ಬರೆಯಹೊರಟಿರುವುದು ಒಂದು ಅಡಿಗೆಮನೆಯ ವಿಷಯ. ಅದರಲ್ಲಿಯೂ ಮಾಂಸವನ್ನು ಹಲ್ಲಿಲ್ಲದವರೂ ತಿನ್ನುವಷ್ಟು ಮೆತ್ತಗೆ ಮಾಡುವ ಕ್ರಮದ ವಿಷಯ. ಶಾಕಾಹಾರಿಗಳಾದ ವಾಚಕರು ಊರಿನ ವರ್ಣನೆಯಷ್ಟನ್ನು ಓದಿ ಉಳಿದದ್ದನ್ನು ಮಗುಚಿ ಹಾಕಿದರೂ ನಮಗೆ ಬೇಸರವಿಲ್ಲ.

ಈ ವಿಷಯದಲ್ಲಿ ನಮಗೇಕೆ ಇಷ್ಟು ಆಸ್ಥೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಯುಗಾದಿಯ ಮಾರನೆಯ ದಿನ ಹೊಸತೊಡಕು ತಪ್ಪದೆ ನಡೆಯುತ್ತದೆ. ಆ ದಿನ ಬಂಧುಗಳು ಸೇರುತ್ತಾರೆ. ದೊಡ್ಡ ಪಾತ್ರೆಯಲ್ಲಿ ಬಾಡಿನ ಸಾರು ಕುದಿಯುತ್ತದೆ. ಮೂರು ನಾಲ್ಕು ವರುಷಗಳಿಂದ ನಮ್ಮ ಅವ್ವ ಮಾತ್ರ ಸಾರಿಗೆ ಮುದ್ದೆ ಮುರಿದು, “ನಂಗೆ ಸಾರು ಸಾಕು ಕಣಪ್ಪ, ಬಾಡು ನೀವು ತಿನ್ನಿ” ಎಂದುಬಿಡುತ್ತಿದ್ದರು. ವಯಸ್ಸಾದವರು, ಏನೋ ಹರಕೆ ಹೊತ್ತಿರಬೇಕು ಎಂದು ನಾವು ಸುಮ್ಮನಾಗಿದ್ದೆವು. ಹಿಂದಿನ ಹೊಸತೊಡಕಿನಲ್ಲಿ ನಮ್ಮ ಮಗಳು ಬಲವಂತವಾಗಿ ಅಜ್ಜಿಗೆ ಬಡಿಸಿದಳು. ಊಟವಾದ ಮೇಲೆ ಎಲೆ ತೆಗೆಯಹೋದಾಗ ಅದರ ಅಂಚಿನಡಿಯಲ್ಲಿ ಅಗಿದು ಅಗಿದು ಬಿಟ್ಟ ಮೂರು ತುಂಡುಗಳು ಸಿಕ್ಕಿದುವು. ಹರಕೆಯೂ ಇಲ್ಲ, ಏನೂ ಇಲ್ಲ, ಹಲ್ಲಿರಲಿಲ್ಲ, ಅಷ್ಟೆ. ಅದನ್ನು ಹೇಳಿಕೊಳ್ಳಲು ಅವರಿಗೆ ನಾಚಿಕೆ. ಕೇಳದೆ ಇದ್ದುದಕ್ಕೆ ಈಗ ನಮಗೆ ನಾಚಿಕೆ.

ಅದೇ ವರುಷದ ಅಕ್ಟೋಬರಿನಲ್ಲಿ ನಾವು ದಂಪತಿಗಳು ಚೀನ ದೇಶಕ್ಕೆ ಹೋಗುವ ಸಂದರ್ಭ ಒದಗಿತು. ನಮ್ಮ ತಮ್ಮನು ವ್ಯಾಪಾರಸ್ಥನು. ಕ್ಯಾಂಟನ್ ಎಂದು ನಮ್ಮ ಹಿರಿಯರು ಪಾಠಪುಸ್ತಕಗಳಲ್ಲಿ ಓದಿದ, ಈಗ ಗುವಾಂಗ್‌ಝೌ ಎಂದು ಕರೆಯುವ ನಗರದಲ್ಲಿ 1957ರಿಂದಲೂ ವಸಂತ ಮತ್ತು ಶರತ್ಕಾಲಗಳಲ್ಲಿ ನಡೆದುಬಂದಿರುವ ದೊಡ್ಡ ಮೇಳಕ್ಕೆ ಅವನು ಹೋಗಿಬರುವುದು ವಾಡಿಕೆ. ಅಲ್ಲಿ ಅವನಿಗೆ ಸ್ನೇಹಿತರಾದ ಒಬ್ಬ ಗೃಹಸ್ಥರು, “ನಿಮ್ಮ ಅಣ್ಣ ಅತ್ತಿಗೆಯರನ್ನು ಒಮ್ಮೆ ಕರೆತನ್ನಿ” ಎಂದು ಎರಡು ಬಾರಿ ಹೇಳಿಕಳುಹಿಸಿದ್ದರು. ಹಾಂಗ್‌ಕಾಂಗಿನಲ್ಲಿ ರೈಲು ಹತ್ತಿದವರು ಒಂದು ಗಂಟೆಯ ಅವಧಿಯಲ್ಲಿ ಆ ಮಹಾನಗರದ ದಕ್ಷಿಣದ ನಿಲ್ದಾಣದಲ್ಲಿ ಇಳಿದೆವು. ಹೊರಗೆ ನಮ್ಮ ಕರಾವಳಿಯಂತಹ ಬೆವರು ಬರಿಸುವ ಸೆಕೆ. ಶರತ್ಕಾಲವೆಂಬುದು ಪಂಚಾಂಗದಲ್ಲಿ ಮಾತ್ರ.

ನಗರದ ಹೊಸ ಭಾಗದ ಮಾತನ್ನು ನಾವು ಎತ್ತುವುದಿಲ್ಲ. ಗಾಜಿನ ಮಹಡಿಗಳು ಎಲ್ಲ ಊರುಗಳಲ್ಲಿಯೂ ಒಂದೇ. ನಮ್ಮ ಆತಿಥೇಯರ ಮನೆಯಿದ್ದುದು ಮುತ್ತಿನ ನದಿಗೆ ಸಮೀಪದಲ್ಲಿ, ಶೀಗ್ವಾನ್ ಎಂಬ ಹಳೆಯ ಪೇಟೆಯಲ್ಲಿ. ಇಲ್ಲಿಯ ಬೀದಿಗಳಲ್ಲಿ ಮಹಡಿಯ ಮನೆಗಳು ಕಂಬಗಳ ಮೇಲೆ ಮುಂದಕ್ಕೆ ಚಾಚಿಕೊಂಡಿದ್ದು, ಕೆಳಗೆ ನಡೆಯುವವರಿಗೆ ಉದ್ದಕ್ಕೂ ನೆರಳು. ಮಳೆ ಬಂದರೂ ಕೊಡೆಯಿಲ್ಲದೆ ಅಂಗಡಿಯಿಂದ ಅಂಗಡಿಗೆ ಹೋಗಬಹುದು. ಮನೆಗಳ ಬಾಗಿಲುಗಳಂತೂ ನಮಗೆ ಬಹಳ ಮೆಚ್ಚುಗೆಯಾದುವು. ಹೊರಗಡೆ ಒಂದು ಗಿಡ್ಡ ಬಾಗಿಲು. ಅದರ ಹಿಂದೆ ದುಂಡನೆಯ ಮರದ ತೊಲೆಗಳನ್ನು ಅಡ್ಡಲಾಗಿ, ಏಣಿಯ ಮೆಟ್ಟಿಲಿನಂತೆ ಜೋಡಿಸಿ, ಪಕ್ಕಕ್ಕೆ ಸರಿಸುವ ಹಾಗೆ ಮಾಡಿದ ಒಂದು ತಡೆ. ಅದರ ಹಿಂದೆ ದಪ್ಪನೆಯ ಹಲಗೆಯ ಬಾಗಿಲು. ಸೆಕೆಯ ಹೊತ್ತಿನಲ್ಲಿ ಹಲಗೆಯ ಬಾಗಿಲನ್ನು ತೆರೆದು ತೊಲೆಗಳ ತಡೆಯನ್ನು ಎಳೆದಿಟ್ಟರೆ ಗಾಳಿ ಬರುತ್ತದೆ, ಕಳ್ಳ ಬರುವುದಿಲ್ಲ.

ಆ ಪೇಟೆಯಲ್ಲಿಯೇ ಹ್ವಾಲಿನ್ ಎಂಬ ಬೌದ್ಧ ದೇವಾಲಯವಿದೆ. ಒಳಗೆ ಐನೂರು ಅರ್ಹಂತರ ಪ್ರತಿಮೆಗಳು ಸಾಲುಸಾಲಾಗಿ ಕುಳಿತಿವೆ. ನಮ್ಮ ದಕ್ಷಿಣ ಭಾರತದಿಂದ ಸಮುದ್ರಮಾರ್ಗವಾಗಿ ಹೊರಟ ಬೋಧಿಧರ್ಮನು ಆರನೆಯ ಶತಮಾನದಲ್ಲಿ ಚೀನದ ನೆಲದ ಮೇಲೆ ಮೊದಲು ಕಾಲಿಟ್ಟುದು ಈ ಸ್ಥಳದಲ್ಲಿಯೇ ಎಂಬುದು ಅಲ್ಲಿಯ ಐತಿಹ್ಯ. ಅವನು ಬಂದುದು ಧ್ಯಾನವನ್ನು ಕಲಿಸುವುದಕ್ಕೆ. ಅದೇ ದಿಕ್ಕಿನಿಂದ ಇಷ್ಟು ಶತಮಾನಗಳ ಮೇಲೆ ಬಂದ ನಾವು ಕಲಿತುದು ಬಾಡು ಹುರಿಯುವುದನ್ನು! ಮಹಾತ್ಮನು ಕ್ಷಮಿಸಲಿ ಎಂದು ಕೈಮುಗಿದು ಹೊರಬಂದೆವು.

ಆ ರಾತ್ರಿಯ ಊಟದಲ್ಲಿ ನಮ್ಮ ಕಣ್ಣು ಬಿದ್ದುದು ಮನೆಯ ಹಿರಿಯಾಕೆಯ ಮೇಲೆ. ಆತಿಥೇಯರ ತಾಯಿ, ಎಂಬತ್ತು ದಾಟಿದವರು. ನಕ್ಕರೆ ಕಾಣುವುದು ನಾಲ್ಕೇ ಹಲ್ಲು, ಅವೂ ಎದುರುಬದುರಾಗಿ ಇರಲಿಲ್ಲ. ಮೇಜಿನ ನಡುವೆ ಐದಾರು ತಟ್ಟೆಗಳು. ಒಂದರಲ್ಲಿ ಸೊಪ್ಪು, ಒಂದರಲ್ಲಿ ಹಬೆಯಲ್ಲಿ ಬೆಂದ ಮೀನು, ಒಂದರಲ್ಲಿ ದೊಣ್ಣೆಮೆಣಸಿನಕಾಯಿಯೊಡನೆ ಹುರಿದ ಹಂದಿಯ ಮಾಂಸ. ಸೊಸೆಯು ಮೊದಲು ಅತ್ತೆಯ ಬಟ್ಟಲಿಗೇ ಮಾಂಸವನ್ನು ಇಟ್ಟಳು. ಆಕೆ ಕಡ್ಡಿಗಳಿಂದ ಎತ್ತಿ ಬಾಯಲ್ಲಿಟ್ಟು, ಎರಡು ಬಾರಿ ದವಡೆಯಾಡಿಸಿ ನುಂಗಿ, ಮತ್ತೆ ಕೈಚಾಚಿದರು. ನಾವು ದಂಪತಿಗಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಇಬ್ಬರಿಗೂ ನೆನಪಾದುದು ಎಲೆಯಂಚಿನ ಆ ಮೂರು ತುಂಡುಗಳು.

ಆ ಮನೆಯ ಮೊಮ್ಮಗಳು ಇಂಗ್ಲಿಷ್ ಬಲ್ಲವಳು. ಅವಳ ಮೂಲಕ ನಮ್ಮ ಅವ್ವನ ಸಂಗತಿಯನ್ನು ಹೇಳಿದೆವು. ಮುದುಕಿ ಪೂರ್ತಿ ಕೇಳಿ, ಏನೋ ಎಂದರು. ಹುಡುಗಿ ನಕ್ಕು ತಿಳಿಸಿದಳು: “ಬೆಳಗ್ಗೆ ಆರು ಗಂಟೆಗೆ ಮಾರುಕಟ್ಟೆಗೆ ಬರಬೇಕಂತೆ. ಅಡಿಗೆ ಅಲ್ಲಿಂದಲೇ ಶುರುವಂತೆ.”

ಮಾರುಕಟ್ಟೆಯಲ್ಲಿ ನೆಲವೆಲ್ಲ ನೀರು. ತೊಟ್ಟಿಗಳಲ್ಲಿ ಜೀವಂತ ಮೀನುಗಳು ಬಾಲ ಬಡಿಯುತ್ತಿದ್ದುವು. ಮಾಂಸದವನ ಕಟ್ಟೆಯ ಮುಂದೆ ಮುದುಕಿ ನಿಂತು ವಾದಕ್ಕೆ ತೊಡಗಿದರು. ನಮ್ಮೂರಿನಲ್ಲಿ ನಾವು “ಒಂದು ಕಿಲೋ ಕೊಡಪ್ಪ” ಎನ್ನುತ್ತೇವೆ; ಅವನು ಕೈಗೆ ಬಂದ ಕಡೆಯಿಂದ ಕೊಚ್ಚಿ, ಮೂಳೆಯೂ ಕೊಬ್ಬೂ ನರವೂ ಕಲೆತದ್ದನ್ನು ತೂಗುತ್ತಾನೆ. ಸಾರಿಗೆ ಅದೇ ಸರಿ, ಮೂಳೆಯಿಲ್ಲದ ಸಾರು ಸಾರೇ ಅಲ್ಲ. ಆದರೆ ಇಲ್ಲಿಯವರು ಮೊದಲು ಯಾವ ಅಡಿಗೆಗೆ ಎಂದು ಹೇಳುತ್ತಾರೆ, ಆಮೇಲೆ ಮೈಯ ಯಾವ ಭಾಗ ಎಂದು ನಿಶ್ಚಯಿಸುತ್ತಾರೆ. ಹೆಚ್ಚು ದುಡಿದ ಕಾಲಿನ ಕೆಳಭಾಗ, ಕೊರಳು, ಇವುಗಳಲ್ಲಿ ಜಿಗುಟಾದ ನರಪೊರೆಗಳಿರುತ್ತವೆ. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೆಂದರೆ ಮಾತ್ರ ಅವು ಕರಗುವುದು. ಒಂದೆರಡು ನಿಮಿಷದ ಹುರಿತದಲ್ಲಿ ಅವನ್ನು ಮೆತ್ತಗೆ ಮಾಡುವ ಉಪಾಯ ಯಾವ ಪುಡಿಯಲ್ಲಿಯೂ ಇಲ್ಲ. ಹುರಿಯುವುದಕ್ಕೆ ಬೆನ್ನಿನ ಒಳಗಡೆಯ ಮಾಂಸ, ಇಲ್ಲವೆ ಪೊರೆ ಬಿಡಿಸಿದ ತೊಡೆಯ ಮಾಂಸ. ಅಲ್ಲಿಯ ಜನಕ್ಕೆ ದನದ ಮಾಂಸವೂ ಬಳಕೆಯದು. ನಮಗಾಗಿ ಅದನ್ನು ಬಿಟ್ಟು ಹಂದಿಯದನ್ನೂ ಕೋಳಿಯದನ್ನೂ, ನಾವು ಊರಿನಲ್ಲಿ ಮಾಡುವುದು ಕುರಿಯದೆಂದು ಹೇಳಿದ ಮೇಲೆ ಸ್ವಲ್ಪ ಮೇಕೆಯ ತೊಡೆಯನ್ನೂ ಕೊಂಡರು.

ಮನೆಗೆ ಬಂದ ಮೇಲೆ ಮಾಂಸವನ್ನು ತಂಗಳುಪೆಟ್ಟಿಗೆಯ ಹಿಮದ ಅರೆಯಲ್ಲಿ ಮುಕ್ಕಾಲು ಗಂಟೆ ಇಟ್ಟರು. ಕಲ್ಲಾಗಬಾರದು, ಬಿಗಿಯಾಗಬೇಕು, ಮೆತ್ತನೆಯ ಮಾಂಸ ಕತ್ತಿಯಡಿಯಲ್ಲಿ ಜಾರುತ್ತದೆ, ತೆಳ್ಳಗೆ ಬರುವುದಿಲ್ಲ. ಬಳಿಕ ಮುದುಕಿ ಮರದ ದಿಂಡಿನ ಮೇಲೆ ಅದನ್ನಿಟ್ಟು, ಅಗಲವಾದ ಚೌಕದ ಕತ್ತಿಯನ್ನು ಕೈಗೆತ್ತಿಕೊಂಡರು. ಕತ್ತರಿಸಲಿಲ್ಲ. ನಮ್ಮ ಮನೆಯವರ ಬೆರಳನ್ನು ಹಿಡಿದು ಮಾಂಸದ ಮೇಲೆ ಸವರಿಸಿದರು. ಸೀಳಿದ ಸೌದೆಯಲ್ಲಿ ಎಳೆ ಕಾಣುವಂತೆ ಮಾಂಸದಲ್ಲಿಯೂ ಉದ್ದುದ್ದನೆಯ ಎಳೆಗಳಿವೆ. ಎಳೆಯ ನೇರಕ್ಕೆ ಕೊಯ್ದರೆ ತಿನ್ನುವವರು ಆ ಉದ್ದದ ಎಳೆಯನ್ನು ಹಲ್ಲಿನಿಂದ ಕಡಿಯಬೇಕು. ಅಡ್ಡಕ್ಕೆ ಕೊಯ್ದರೆ ಕಡಿಯುವ ಕೆಲಸವನ್ನು ಕತ್ತಿಯೇ ಮುಗಿಸಿರುತ್ತದೆ. ಹಲ್ಲಿಗೆ ಉಳಿಯುವುದು ಬಿಡಿಸುವ ಕೆಲಸವಷ್ಟೆ. ಮೊಮ್ಮಗಳು ಅಡಿಗೆಯವರ ಒಂದು ಹೇಳಿಕೆಯನ್ನು ತಿಳಿಸಿದಳು: ದನ ಕುರಿಗಳದನ್ನು ಅಡ್ಡಕ್ಕೆ, ಹಂದಿಯದನ್ನು ಓರೆಗೆ, ಕೋಳಿಯದನ್ನು ನೇರಕ್ಕೆ ಕೊಯ್ಯಬೇಕೆಂದು. ಕೋಳಿಯ ಎಳೆ ಬಲು ನಯ, ಅಡ್ಡಕ್ಕೆ ಕೊಯ್ದರೆ ಬಾಣಲೆಯಲ್ಲಿ ಪುಡಿಪುಡಿಯಾದೀತು. ಹಂದಿಯದು ನಡುವಣ ತರಗತಿಯದು. ಕುರಿ ಮೇಕೆಗಳದು ಒರಟು, ಅದಕ್ಕೆ ದಾಕ್ಷಿಣ್ಯ ಕೂಡದು.

ತುಂಡಿನ ದಪ್ಪ ಸುಮಾರು 3 ಮಿಲಿಮೀಟರು. ಈಳಿಗೆಮಣೆಯ ಮೇಲೆ ಕಾಲು ಮಡಿಚಿ ಕುಳಿತು ಕೊಯ್ದು ರೂಢಿಯಾದ ನಮ್ಮವರಿಗೆ ನಿಂತುಕೊಂಡು ಆ ಭಾರದ ಕತ್ತಿಯನ್ನು ಆಡಿಸುವುದು ಕಷ್ಟವಾಯಿತು. ಮೊದಲ ಹತ್ತು ತುಂಡುಗಳು ಒಂದು ತುದಿ ತೆಳುವು, ಒಂದು ತುದಿ ದಪ್ಪ. ಮುದುಕಿ ಅವನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿ ಬೆಕ್ಕಿಗೆ ಹಾಕಿಸಿದರು! ಆ ದೇಶದಲ್ಲಿ ಕತ್ತಿಯ ಕೆಲಸಕ್ಕೆ ಇರುವ ಗೌರವ ಪುರಾತನವಾದುದು. ಎರಡು ಸಾವಿರ ವರುಷಗಳಿಗೂ ಹಿಂದಿನ ಝ್ವಾಂಗ್‌ಝಿ ಎಂಬ ತತ್ತ್ವಗ್ರಂಥದಲ್ಲಿ ಒಬ್ಬ ಅಡಿಗೆಯವನ ಕಥೆ ಬರುತ್ತದೆ: ಅವನು ಕೀಲುಗಳ ನಡುವಣ ಸಂದನ್ನು ಅರಿತು ಕೊಯ್ಯುತ್ತಿದ್ದುದರಿಂದ ಹತ್ತೊಂಬತ್ತು ವರುಷವಾದರೂ ಅವನ ಕತ್ತಿ ಮೊಂಡಾಗಿರಲಿಲ್ಲವಂತೆ. ಮೇಜಿನ ಮೇಲೆ ಚೂರಿಯನ್ನಿಡದೆ ಕಡ್ಡಿಗಳಿಂದಲೇ ಉಣ್ಣುವ ಜನ. ಕೊಯ್ಯುವುದೆಲ್ಲ ಒಳಗೇ ಮುಗಿದಿರಬೇಕಷ್ಟೆ.

ಇನ್ನು ಸೋಡದ ಮಾತು. ಚೀನದ ಕ್ರಮದಲ್ಲಿ ಮಾಂಸ ಮೃದುವಾಗುವುದು ಸೋಡದಿಂದ ಎಂದು ನಾವು ಕೇಳಿದ್ದೆವು, ಅದು ಸುಳ್ಳಲ್ಲ. ಕಾವು ತಗುಲಿದೊಡನೆ ಮಾಂಸದ ಎಳೆಗಳು ಸೆಟೆದುಕೊಂಡು, ಒಂದನ್ನೊಂದು ಬಿಗಿದಪ್ಪಿ, ಒದ್ದೆಬಟ್ಟೆಯನ್ನು ಹಿಂಡಿದಂತೆ ಒಳಗಿನ ನೀರನ್ನು ಹೊರಕ್ಕೆ ತಳ್ಳುತ್ತವೆ. ಅಡಿಗೆಯ ಸೋಡ ಕ್ಷಾರವಸ್ತು. ಅದು ತೆಳುತುಂಡಿನ ಮೇಲ್ಮೈಗೆ ತಾಗಿದರೆ ಆ ಬಿಗಿತ ಸಡಿಲವಾಗಿ ನೀರು ಒಳಗೇ ಉಳಿಯುತ್ತದೆ. ಅರ್ಧ ಕಿಲೋ ಮಾಂಸಕ್ಕೆ ಅರ್ಧ ಚಹಾಚಮಚ ಸೋಡವನ್ನು ನಾಲ್ಕು ದೊಡ್ಡ ಚಮಚ ನೀರಿನಲ್ಲಿ ಕದಡಿ, ಕಲಸಿ, ಇಪ್ಪತ್ತು ನಿಮಿಷ ಬಿಟ್ಟು, ಎರಡು ಬಾರಿ ನೀರಿನಲ್ಲಿ ತೊಳೆದು, ಹಿಂಡಿ, ಬಟ್ಟೆಯಿಂದ ಒತ್ತಿ ಆರಿಸಬೇಕು. ಇದು ಒರಟು ಮಾಂಸಕ್ಕೆ ಮಾತ್ರ. ಹಂದಿಯ ಬೆನ್ನಿನ ಮಾಂಸಕ್ಕೂ ಕೋಳಿಗೂ ಮುದುಕಿ ಸೋಡವನ್ನು ಮುಟ್ಟಿಸಲಿಲ್ಲ. ಹಿಂದಿನ ದಿನ ನಾವು ಒಂದು ಭೋಜನಾಲಯದಲ್ಲಿ ತಿಂದ ಮಾಂಸ ಬೆಣ್ಣೆಯಂತಿತ್ತೆಂದು ಹೊಗಳಿದಾಗ ಆಕೆ ಮೂಗು ಮುರಿದು ಹೇಳಿದುದನ್ನು ಹುಡುಗಿ ಹೀಗೆ ತಿಳಿಸಿದಳು: “ಅದು ಯಾವ ಪ್ರಾಣಿಯ ಮಾಂಸವೆಂದು ನಿಮಗೆ ರುಚಿಯಿಂದ ಗೊತ್ತಾಯಿತೆ?” ನಿಜವಾಗಿ ಗೊತ್ತಾಗಿರಲಿಲ್ಲ. ಬೆಲೆಯ ಪಟ್ಟಿಯನ್ನು ನೋಡಿ ತಿಳಿದುದು.

ಇಲ್ಲಿ ನಮ್ಮ ಮನೆಯವರು ನಮ್ಮ ಕಡೆಯ ಉಪಾಯವನ್ನು ಮುಂದಿಟ್ಟರು. ಬಲಿತ ಆಡನ್ನು ಬೇಯಿಸುವಾಗ ನಮ್ಮ ಸೋದರತ್ತೆ ಎಳೆಯ ಪರಂಗಿಕಾಯಿಯ ಹೋಳನ್ನು ಸಾರಿಗೆ ಹಾಕುತ್ತಿದ್ದುದುಂಟು. (ಪರಂಗಿಯವರು ತಂದ ಹಣ್ಣಾದುದರಿಂದಲೇ ಅದಕ್ಕೆ ಆ ಹೆಸರು, ಅದರ ತವರು ಅಮೆರಿಕ.) ಹುಡುಗಿ ಕಪಾಟಿನಿಂದ ಒಂದು ಪೊಟ್ಟಣವನ್ನು ತೆಗೆದು ತೋರಿಸಿದಳು. ಮಾಂಸ ಮೆತ್ತಗೆ ಮಾಡುವ ಪುಡಿ. ಅದರಲ್ಲಿದ್ದ ಮುಖ್ಯವಸ್ತು ಪರಂಗಿಕಾಯಿಯ ಹಾಲಿನ ಸಾರವೇ! ಎರಡು ದೇಶದವರೂ ಒಂದೇ ಗಿಡದ ಕೆಳಗೆ ನಿಂತಿದ್ದೇವೆಂದು ನಕ್ಕೆವು. ಆದರೆ ಆ ಸಾರ ಮಾಂಸದ ಎಳೆಯನ್ನೇ ಕತ್ತರಿಸಿಹಾಕುತ್ತದೆ, ಸ್ವಲ್ಪ ಹೆಚ್ಚಾದರೆ ಮೇಲ್ಮೈ ಹಿಟ್ಟಾಗುತ್ತದೆ. ಕುದಿಯುವ ಸಾರಿಗೆ ಚಿಂತೆಯಿಲ್ಲ. ಹುರಿಯುವ ತೆಳುತುಂಡಿಗೆ ಅದು ಅಪಾಯ. ಮುದುಕಿಯು ಪೊಟ್ಟಣವನ್ನು ಕಪಾಟಿಗೆ ಹಿಂದಿರುಗಿಸಿದರು.

ತೊಳೆದು ಆರಿಸಿದ ತುಂಡುಗಳಿಗೆ ಉಪ್ಪು, ಒಂದು ಚಮಚ ಸೋಯಾ ಸಾಸ್, ಚಿಟಿಕೆ ಸಕ್ಕರೆ, ಬಿಳಿಯ ಮೆಣಸಿನ ಪುಡಿ. ಆಮೇಲೆ ನಡೆದುದು ನಮಗೆ ಸೋಜಿಗವಾಯಿತು. ಮೂರು ದೊಡ್ಡ ಚಮಚ ತಣ್ಣೀರನ್ನು ಒಂದೊಂದೇ ಚಮಚವಾಗಿ ಹಾಕುತ್ತ, ಕೈಯಿಂದ ಒಂದೇ ದಿಕ್ಕಿಗೆ ತಿರುವುತ್ತ, ಮಾಂಸಕ್ಕೆ ಕುಡಿಸಿದರು. ಕುಡಿಸಿದರು ಎನ್ನದೆ ಬೇರೆ ಮಾತಿಲ್ಲ. ಬಟ್ಟಲಿನ ತಳದಲ್ಲಿ ಒಂದು ಹನಿಯೂ ನಿಲ್ಲಲಿಲ್ಲ. ನೀರು ಹಿಡಿದ ಮೇಲೆ, ಅಂಗಡಿಯವರು ಕಾರ್ನ್‌ಫ್ಲೋರ್ ಎಂದು ಕೊಡುವ ಬಿಳಿಯ ನುಣ್ಣನೆಯ ಹಿಟ್ಟು ಒಂದು ದೊಡ್ಡ ಚಮಚ. ಕಡೆಯಲ್ಲಿ ಒಂದು ಚಮಚ ಎಣ್ಣೆ, ತುಂಡುಗಳು ಒಂದಕ್ಕೊಂದು ಅಂಟದಿರಲೆಂದು. ಕೋಳಿಗಾದರೆ ನೀರಿಗೆ ಬದಲು ಒಂದು ಮೊಟ್ಟೆಯ ಬಿಳಿಯನ್ನು ಹಾಕುವುದುಂಟು. ಆ ಹಿಟ್ಟಿನ ತೆಳುವಾದ ಲೇಪವೇ ಮಾಂಸಕ್ಕೆ ಅಂಗಿ. ಬೆಂಕಿಯ ಕಾವು ನೇರವಾಗಿ ಮೈಗೆ ತಾಗದಂತೆ ಅದು ತಡೆಯುತ್ತದೆ. ಈ ಸಂಸ್ಕಾರವನ್ನು ಮಖಮಲ್ಲು ಮಾಡುವುದೆಂದು ಇಂಗ್ಲಿಷ್ ಪಾಕಗ್ರಂಥಗಳವರು ಕರೆದಿದ್ದಾರೆ. ನಾಲಗೆಯ ಮೇಲೆ ಹಾಗೆಯೇ ಇರುತ್ತದೆ.

ಅರ್ಧ ಗಂಟೆಯ ಬಳಿಕ ಬಾಣಲೆ ಒಲೆಗೇರಿತು. ಹೊಗೆಯಾಡುವವರೆಗೆ ಅದನ್ನು ಬರಿದಾಗಿಯೇ ಕಾಯಿಸಿ, ಆಮೇಲೆ ಎಣ್ಣೆ ಹಾಕಿ ಸುತ್ತಲೂ ಹರಿಸಿ, ಮಾಂಸವನ್ನು ಹರಡಿದರು. ಭೋಜನಾಲಯಗಳವರು ಬಿಸಿಯೆಣ್ಣೆಯಲ್ಲಿ ಮುಳುಗಿಸಿ ಎತ್ತುತ್ತಾರೆ. ಮನೆಯಲ್ಲಿ ಅಷ್ಟು ಎಣ್ಣೆಯ ಖರ್ಚು ಯಾರಿಗೆ ಬೇಕು? ಅರ್ಧ ನಿಮಿಷ ಮುಟ್ಟಲಿಲ್ಲ. ಅಡಿ ಹೊಂಬಣ್ಣವಾದ ಮೇಲೆ ಮಗುಚಿ, ಎರಡು ಬಾರಿ ಆಡಿಸಿ, ಇನ್ನೂ ಸ್ವಲ್ಪ ಬೇಯುವುದಿದೆ ಎನ್ನುವಾಗಲೇ ತಟ್ಟೆಗೆ ತೆಗೆದರು. ಅದೇ ಬಾಣಲೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಈರುಳ್ಳಿಯ ಹೂವಿನ ಕಡ್ಡಿ. ಅವು ಘಮ್ಮೆಂದಾಗ ಮಾಂಸವನ್ನು ಮತ್ತೆ ಸೇರಿಸಿ, ಒಳಗೆಲ್ಲಿಯೂ ಹಸಿಯ ಕೆಂಪು ಉಳಿಯದಂತೆ ನೋಡಿ ಇಳಿಸಿದರು. ಕಾದ ಬಾಣಲೆಯಿಂದ ಬರುವ ಆ ಹೊಗೆಗಂಪನ್ನು ಕ್ಯಾಂಟನ್ನಿನವರು ವೊಕ್ ಹೇ ಎನ್ನುತ್ತಾರೆ. ಬಾಣಲೆಯ ಉಸಿರು ಎಂದು ಹೇಳಬಹುದು. ಮೇಕೆಯ ತೊಡೆಯನ್ನು ನಾವು ತಿಂದೆವು. ಮುದುಕಿಯೂ ತಿಂದು, ತಲೆದೂಗದೆ, ಇನ್ನೂ ತೆಳ್ಳಗೆ ಕೊಯ್ಯಬೇಕಿತ್ತೆಂದು ಸನ್ನೆ ಮಾಡಿದರು.

ಹೊರಡುವ ದಿನ ತೊಲೆಗಳ ಬಾಗಿಲಿನ ಹಿಂದೆ ನಿಂತು ಆಕೆ ಹೇಳಿದುದು ಒಂದೇ ಮಾತು. “ನಿಮ್ಮ ತಾಯಿಯವರನ್ನು ಕೇಳಿ ಮಾಡಿ, ಕೇಳದೆ ಮಾಡಬೇಡಿ” ಎಂದು ಹುಡುಗಿ ತಿಳಿಸಿದಳು. ನಾವು ತಲೆ ತಗ್ಗಿಸಿದೆವು.

ಊರಿಗೆ ಬಂದು ಮೊದಲ ಪ್ರಯೋಗದಲ್ಲಿ ಅವಮಾನವಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಅರ್ಧ ಚಮಚದಿಂದ ಅಷ್ಟು ಗುಣವಾದರೆ ಎರಡು ಚಮಚದಿಂದ ಎಷ್ಟಾಗಬೇಡ ಎಂದು ಲೆಕ್ಕ ಹಾಕಿದವರು ನಾವೇ. ರಾತ್ರಿಯಿಡೀ ನೆನೆಸಿದವರೂ ನಾವೇ. ಬೆಳಗ್ಗೆ ತೊಳೆದರೂ ಸಾಬೂನಿನ ರುಚಿ ಹೋಗಲಿಲ್ಲ. ಎರಡನೆಯ ಸಾರಿ ಅಳತೆ ಸರಿಯಾಯಿತು, ಆದರೆ ಅರ್ಧ ಕಿಲೋವನ್ನೂ ಒಟ್ಟಿಗೆ ಬಾಣಲೆಗೆ ಸುರಿದುದರಿಂದ ಬಾಣಲೆ ತಣ್ಣಗಾಗಿ, ನೀರು ಬಿಟ್ಟು, ಹುರಿಯುವುದಕ್ಕೆ ಬದಲು ಬೆಂದಿತು. ನಮ್ಮ ಮನೆಯ ಒಲೆಗಳಿಗೆ ಅಷ್ಟು ಉರಿಯಿಲ್ಲ. ಮೂರು ಪಾಲು ಮಾಡಿ ಒಂದೊಂದಾಗಿ ಹುರಿಯಬೇಕು, ನಡುನಡುವೆ ಬಾಣಲೆ ಕಾಯಲು ಬಿಡಬೇಕು. ಮಾಂಸದ ಅಂಗಡಿಯವನಂತೂ ತೊಡೆಯನ್ನು ಕೊಚ್ಚದೆ ಇಡಿಯಾಗಿ, ಪೊರೆ ಬಿಡಿಸಿ ಕೊಡೆಂದಾಗ, “ಏನ್ ಸ್ವಾಮಿ, ನೀವೇ ಅಂಗಡಿ ಇಡ್ತೀರಾ?” ಎಂದು ಕೇಳಿದ.

ಈ ಸಲದ ಹೊಸತೊಡಕಿಗೆ ಮುಂಚೆ ನಾವು ಅವ್ವನ ಪಕ್ಕದಲ್ಲಿ ಕುಳಿತು, ಹಲ್ಲಿನ ವಿಷಯವನ್ನು ನಾವೇ ಎತ್ತಿ, ಬೇರೆ ರೀತಿಯಲ್ಲಿ ಸ್ವಲ್ಪ ಮಾಡಿಕೊಡೋಣವೆ ಎಂದು ಕೇಳಿದೆವು. ಅವರು ಬಹಳ ಹೊತ್ತು ಸೆರಗಿನ ತುದಿಯನ್ನು ಸುತ್ತುತ್ತಿದ್ದು, “ಖಾರ ಹಾಕಿ ಮತ್ತೆ, ಸಪ್ಪೆ ಮಾಡಬೇಡಿ” ಎಂದರು. ಸೋಯಾ ಸಾಸಿನ ಜೊತೆಗೆ ನಮ್ಮ ಹಸಿಮೆಣಸಿನಕಾಯಿಯೂ ಕರಿಬೇವೂ ಬಾಣಲೆಗೆ ಬಿದ್ದುವು. ಕ್ಯಾಂಟನ್ನಿನ ಮುದುಕಿ ನೋಡಿದ್ದರೆ ಏನೆನ್ನುತ್ತಿದ್ದರೋ. ಎಲ್ಲರ ಎಲೆಗೂ ಸಾರು, ಅವ್ವನ ಎಲೆಗೆ ಸಾರಿನ ಜೊತೆಗೆ ಈ ಹುರಿದ ಬಾಡು. ಮೊದಲ ತುಂಡನ್ನು ಬಾಯಲ್ಲಿಟ್ಟು, ಸಂಶಯದಿಂದ ನಾಲಗೆಯಲ್ಲಿ ಒಮ್ಮೆ ಹೊರಳಿಸಿ, ನಮ್ಮ ಕಡೆ ತಿರುಗಿದರು.

“ಇದೇನ್ಲಾ ಮಗ, ಮೀನಾ?”

ಕುರಿಯದೇ ಎಂದೆವು. ನಂಬಲಿಲ್ಲ. ಇನ್ನೆರಡು ತುಂಡು ತಿಂದು, ಅದು ಕುರಿಯೇ ಎಂದು ತಾವೇ ಒಪ್ಪಿಕೊಂಡು, ಸೊಸೆಯ ಕಡೆಗೆ ಕೈಚಾಚಿದರು.